ಮೊದಲು ನೀವು ಖರ್ಚು ಮಾಡಿ, ಆಮೇಲೆ ನಾವು ಕೊಡ್ತೀವಿ: ಅಮೆರಿಕದ ರೈತರ ತುರ್ತು ಸಹಾಯಧನದ ಒಳಗುಟ್ಟು

ಲೆಕ್ಕದಮ್ಮ:

ಹೋದ ವಾರ ನಮ್ಮ ಈ ಚರ್ಚಾ ವೇದಿಕೆಯಲ್ಲಿ ಒಬ್ಬರು ಒಂದು ಪಟ್ಟಿಯ ಫೋಟೋ ಹಾಕಿದ್ದರು. ಅಮೆರಿಕದ ಯಾವುದೋ ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ರೈತರಿಗೆ ‘ಎಮರ್ಜೆನ್ಸಿ ಕನ್ಸರ್ವೇಶನ್’ ಅಂತ ಸರ್ಕಾರ ಕೊಟ್ಟ ಹಣದ ಪಟ್ಟಿ. ಒಂದು ಕಡೆ ಹೆಸರು, ಇನ್ನೊಂದು ಕಡೆ ಡಾಲರ್. ಅದರ ಕೆಳಗೆ "ಪುಣ್ಯವಂತರು ಬಿಡಿ, ಮಳೆ ಬಂದ್ರೂ ದುಡ್ಡು, ಬರದಿದ್ರೂ ದುಡ್ಡು" ಅನ್ನೋ ಮಾತು. ಆಗಲೇ ಬರೆಯಬೇಕು ಅಂದುಕೊಂಡೆ, ತೆರಿಗೆ ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ.

ನಾನು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ರೈತರ ಲೆಕ್ಕಪತ್ರ ನೋಡುವವಳು. ಆ ಪಟ್ಟಿಯಲ್ಲಿ ಕಾಣುವ ಮೊತ್ತ ರೈತನಿಗೆ ಬಂದ ಲಾಭ ಅಂತ ಓದಬೇಡಿ. ಅವನು ತನ್ನ ಜೇಬಿನಿಂದ ಆಗಲೇ ಕೊಟ್ಟು ಮುಗಿಸಿದ ಖರ್ಚಿನಲ್ಲಿ ವಾಪಸ್ ಬಂದ ಭಾಗ ಅದು. ಪಟ್ಟಿಯಲ್ಲಿ ಇಲ್ಲದವರ ಕಥೆ ಇನ್ನೂ ಬೇರೆ.

ಯೋಜನೆಯ ಪೂರ್ತಿ ಹೆಸರು ಎಮರ್ಜೆನ್ಸಿ ಕನ್ಸರ್ವೇಶನ್ ಪ್ರೋಗ್ರಾಂ. ಎಲ್ಲರೂ ಇಸಿಪಿ ಅಂತಾರೆ. 1978ರ ಕೃಷಿ ಸಾಲ ಕಾಯ್ದೆಯಲ್ಲಿ ಇದರ ಬೇರು ಇದೆ. ನಡೆಸುವುದು ಕೃಷಿ ಇಲಾಖೆಯ ಕೆಳಗಿರುವ ಫಾರ್ಮ್ ಸರ್ವಿಸ್ ಏಜೆನ್ಸಿ. ನೆರೆ, ಬಿರುಗಾಳಿ, ಕಾಡ್ಗಿಚ್ಚು, ಬರ, ಇಂಥದ್ದು ಬಂದು ಭೂಮಿ ಹಾಳಾದರೆ ಅದನ್ನು ಮತ್ತೆ ಸರಿ ಮಾಡುವ ಖರ್ಚಿನಲ್ಲಿ ಸರ್ಕಾರದ್ದು ಒಂದು ಪಾಲು. ಹೊಲದ ಮೇಲೆ ಬಂದು ಬಿದ್ದ ಕಸ, ಮರ ತೆಗೆಸೋದು, ಕೊರೆದುಹೋದ ನೆಲ ಮಟ್ಟ ಮಾಡೋದು, ಕಿತ್ತುಹೋದ ಬೇಲಿ ಹಾಕೋದು, ಒಡೆದ ಬದು, ಕಾಲುವೆ ಕಟ್ಟೋದು, ಬರದಲ್ಲಿ ದನಗಳಿಗೆ ನೀರಿನ ವ್ಯವಸ್ಥೆ ಮಾಡೋದು, ಇವೆಲ್ಲ ಅದರಲ್ಲಿ ಬರುತ್ತವೆ. ಬೆಳೆ ಬರಲ್ಲ. ಮನೆ ಬರಲ್ಲ. ಸತ್ತ ದನಕ್ಕೂ ಇದರಲ್ಲಿ ಕಾಸಿಲ್ಲ, ಅದಕ್ಕೆ ಬೇರೆ ಯೋಜನೆ ಇದೆ. ಇಸಿಪಿ ಕಣ್ಣಿಗೆ ಕಾಣೋದು ಮಣ್ಣು, ಬೇಲಿ, ನೀರು ಅಷ್ಟೇ.

ಎಷ್ಟು ಕೊಡ್ತಾರೆ? ಖರ್ಚಿನ ಶೇ 75ರವರೆಗೆ. ಹೊಸದಾಗಿ ಬೇಸಾಯಕ್ಕೆ ಇಳಿದವರಿಗೆ, ಆದಾಯ ಕಡಿಮೆ ಇರುವವರಿಗೆ ಶೇ 90ರವರೆಗೆ. ಒಬ್ಬರಿಗೆ ಒಂದು ವಿಪತ್ತಿಗೆ ಹೆಚ್ಚೆಂದರೆ 5 ಲಕ್ಷ ಡಾಲರ್. ಮೊದಲು ಈ ಮಿತಿ 2 ಲಕ್ಷ ಇತ್ತು, ಕೃಷಿ ಯೋಜನೆಗಳನ್ನೆಲ್ಲ ಒಟ್ಟಿಗೆ ತಿದ್ದುವ ಕಾಯ್ದೆಯಾದ 2018ರ ಫಾರ್ಮ್ ಬಿಲ್‌ನಲ್ಲಿ ಏರಿಸಿದರು.

ಈಗ ಮುಖ್ಯ ವಿಷಯ. ಕೆಲಸ ಮುಗಿಸಿ, ಬಿಲ್ ತೋರಿಸಿದ ಮೇಲೇ ಹಣ. ಅದೂ ಕೆಲಸ ಶುರು ಮಾಡೋಕೆ ಮುಂಚೆ ಅರ್ಜಿ ಹಾಕಿ, ಕಚೇರಿಯವರು ಬಂದು ನೋಡಿ, ಒಪ್ಪಿಗೆ ಕೊಟ್ಟಿರಬೇಕು. ನೀರು ಇಳಿದ ಹೊಲದಲ್ಲಿ ನಿಂತವನಿಗೆ ಈ ಎರಡು ಸಾಲು ಎಷ್ಟು ಭಾರ ಅಂತ ಕೂತು ಯೋಚನೆ ಮಾಡಿ.

ಡಲ್ಲಾಸ್ ದೋಸೆ:

ಮೇಡಂ, ಪಟ್ಟಿ ಹಾಕಿದ್ದು ನಾನೇ 🙂 ಬೈಬೇಡಿ. ಅದು ಎನ್ವಿರಾನ್ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನೋ ಸಂಸ್ಥೆಯ ಜಾಲತಾಣದಲ್ಲಿ ಸಿಕ್ಕಿದ್ದು. ಮಾಹಿತಿ ಹಕ್ಕಿನ ಕಾನೂನಿನಡಿ ಸರ್ಕಾರದಿಂದ ದಾಖಲೆ ತರಿಸಿ, 1995ರಿಂದ ಯಾರಿಗೆ ಎಷ್ಟು ಸಬ್ಸಿಡಿ ಹೋಯ್ತು ಅಂತ ಕೌಂಟಿವಾರು ಹಾಕಿಟ್ಟಿದ್ದಾರೆ. ಸುಮ್ನೆ ನೋಡ್ತಾ ಹೋದೆ, ಆಶ್ಚರ್ಯ ಆಯ್ತು, ಹಾಕಿದೆ. ಒಳಗೆ ಇಷ್ಟು ಕಥೆ ಇದೆ ಅಂತ ಗೊತ್ತಿರಲಿಲ್ಲ.

ತೆರಿಗೆದಾರ:

ಕಥೆ ಏನೇ ಇರಲಿ, 5 ಲಕ್ಷ ಡಾಲರ್ ಅಂದ್ರೆ ಸಣ್ಣ ಮೊತ್ತ ಅಲ್ಲ. ನಾನು ಅಂಗಡಿ ಇಟ್ಟಿದ್ದೆ. ನೀರು ನುಗ್ಗಿದಾಗ ಯಾರೂ ಬಂದು ಮುಕ್ಕಾಲು ಪಾಲು ಕೊಡಲಿಲ್ಲ. ರೈತ ಅಂದ ಕೂಡಲೇ ಯಾಕೆ ಬೇರೆ ನ್ಯಾಯ? ಜಮೀನು ಅವನದು, ಲಾಭ ಅವನದು, ನಷ್ಟ ಮಾತ್ರ ಊರಿನದಾ?

ಲೆಕ್ಕದಮ್ಮ:

@ತೆರಿಗೆದಾರ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯಲ್ಲಿ ಹಾಳಾದ ಸರಕನ್ನು ಎಸೆದು ಹೊಸದು ತರಿಸಬಹುದು. ಮೇಲ್ಮಣ್ಣು ಹೋದರೆ ತರಿಸೋಕೆ ಆಗಲ್ಲ, ಅದಕ್ಕೇ ಇದಕ್ಕೆ ‘ಕನ್ಸರ್ವೇಶನ್’ ಅಂತ ಹೆಸರು. ಕಾನೂನಿನಲ್ಲೂ ಷರತ್ತು ಹಾಗೇ ಇದೆ. ಹಾಗೇ ಬಿಟ್ಟರೆ ಭೂಮಿಗೇ ಅಪಾಯ ಆಗುವಂತಿರಬೇಕು, ಸರಿ ಮಾಡುವ ಖರ್ಚು ರೈತನೊಬ್ಬನ ಕೈಮೀರಿರಬೇಕು, ಅದೇ ಜಾಗದಲ್ಲಿ ಪದೇ ಪದೇ ಆಗುವ ಹಾನಿ ಆಗಿರಬಾರದು. ಮೂರನೆಯದನ್ನು ಎಷ್ಟು ಕಟ್ಟುನಿಟ್ಟಾಗಿ ನೋಡ್ತಾರೆ ಅನ್ನೋದು ಬೇರೆ ಜಗಳ.

5 ಲಕ್ಷ ಅನ್ನೋದು ಮೇಲಿನ ಮಿತಿ. ಅದಕ್ಕಿಂತ ಮೊದಲೇ ಕಚ್ಚುವ ಇನ್ನೊಂದು ಮಿತಿ ಇದೆ. ಹಾಳಾದ ಭೂಮಿಯ ಕೃಷಿ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕೊಡಲ್ಲ. ಒಂದು ಲೆಕ್ಕ ಹಾಕೋಣ. 40 ಎಕರೆ ಹುಲ್ಲುಗಾವಲು, ಎಕರೆಗೆ 2,000 ಡಾಲರ್ ಬೆಲೆ ಅಂತ ಇಟ್ಕೊಳ್ಳಿ. ಒಟ್ಟು 80,000. ಸರಿ ಮಾಡೋಕೆ 60,000 ಖರ್ಚಾಯ್ತು. ಶೇ 75 ಅಂದ್ರೆ 45,000 ಬರಬೇಕು. ಆದರೆ ಭೂಮಿ ಬೆಲೆಯ ಅರ್ಧ 40,000. ಹಾಗಾಗಿ ಕೈಗೆ 40,000, ಉಳಿದ 20,000 ನಿಮ್ಮದೇ. ಇದರ ಜೊತೆಗೆ ಯಾವ ಕೆಲಸಕ್ಕೆ ಎಷ್ಟು ಅಂತ ಕಚೇರಿಯ ದರಪಟ್ಟಿ ಇರುತ್ತೆ. ಬುಲ್ಡೋಜರಿನವನು ಅದಕ್ಕಿಂತ ಜಾಸ್ತಿ ಕೇಳಿದರೆ ಆ ವ್ಯತ್ಯಾಸವೂ ನಿಮ್ಮದೇ. ನೆರೆ ಬಂದ ವರ್ಷ ಬುಲ್ಡೋಜರಿನವನು ಜಾಸ್ತಿ ಕೇಳದೆ ಇರ್ತಾನಾ?

ಕೃಷ್ಣಾತೀರ:

ಅಕ್ಕಾವ್ರೆ, ಓದಿ ಖುಷಿನೂ ಆಯ್ತು, ಹೊಟ್ಟೆನೂ ಉರೀತು. ನಮ್ಮದು ಬಾಗಲಕೋಟೆ ಕಡೆ, ಹೊಳೆ ದಂಡೆ ಜಮೀನು. 2019ರಲ್ಲಿ ಕೃಷ್ಣೆ ಬಂದು ಹೋದ ಮೇಲೆ ಕಬ್ಬಿನ ಹೊಲದಾಗ ಮೊಣಕಾಲ ಮಟ ಹೂಳು. ನಮ್ಮಲ್ಲೂ ಇದಕ್ಕೆ ಪರಿಹಾರ ಇದೆ. ಮೂರು ಇಂಚಿಗಿಂತ ಜಾಸ್ತಿ ಹೂಳು ಕೂತಿದ್ದರೆ ಅದನ್ನ ತೆಗೆಸೋಕೆ ಹೆಕ್ಟೇರಿಗೆ ಇಷ್ಟು ಅಂತ ವಿಪತ್ತು ನಿಧಿಯ ದರ. ಆಗ 12,200 ರೂಪಾಯಿ ಇತ್ತು, 2022ರ ಪಟ್ಟಿಯಲ್ಲಿ 18,000 ಮಾಡಿದರು. ಅಂದ್ರೆ ಆ ದರದಲ್ಲಿ ಎಕರೆಗೆ 7,300 ಆಸುಪಾಸು. ಜೆಸಿಬಿ ಒಂದು ದಿನ ನಿಂತರೆ ಮುಗೀತು. ನಿಮ್ಮ ಕಡೆ ಮುಕ್ಕಾಲು ಪಾಲು ಅಂತೀರಿ. ನಮಗೆ ಬಿಲ್ ಕೇಳಲ್ಲ, ನಿಜ. ಆದರೆ ಬಿಲ್ ಕೇಳುವಷ್ಟು ಕೊಡೋದೂ ಇಲ್ಲ.

ಬೀಜಗಣಿತ:

@ಕೃಷ್ಣಾತೀರ ಎಂಥಾ ಮಾತು ಹೇಳಿದ್ರಿ ಅಣ್ಣ.

ಎರಡೂ ಕಡೆ ಸೇರಿಸಿ ನೋಡಿದರೆ ಇದೇ ಅಲ್ವಾ ಪ್ರಶ್ನೆ? ಹೆಕ್ಟೇರಿಗೆ ಇಷ್ಟು ಅಂತ ಎಲ್ಲರಿಗೂ ಒಂದೇ ದರ ಕೊಟ್ಟರೆ ಕಾಗದ ಕಡಿಮೆ, ಹಣವೂ ಕಡಿಮೆ. ನಿಜ ಖರ್ಚಿನ ಪಾಲು ಕೊಟ್ಟರೆ ಹಣ ಜಾಸ್ತಿ, ಆದರೆ ಮೊದಲು ಖರ್ಚು ಮಾಡುವ ಶಕ್ತಿ ಇದ್ದವನಿಗೆ ಮಾತ್ರ. ಶೇ 75 ವಾಪಸ್ ಅಂದರೂ, ಆರಂಭದಲ್ಲಿ ಶೇ 100 ಕೈಯಲ್ಲಿ ಇರಬೇಕು.

ಲೆಕ್ಕದಮ್ಮ:

ಬೀಜಗಣಿತ ಅವರು ನನ್ನ ಬಾಯಿಂದ ಮಾತು ಕಿತ್ತುಕೊಂಡರು. ನನ್ನ ಗಿರಾಕಿ, ಹಿರಿಯ ರೈತರೊಬ್ಬರ ಕಥೆ ಹೇಳ್ತೀನಿ. ಅವರ ಹೆಸರು, ಕೌಂಟಿ ಎರಡೂ ಹೇಳಲ್ಲ, ನನ್ನ ವೃತ್ತಿಗೆ ಅದು ತಕ್ಕದ್ದಲ್ಲ.

2019ರ ಮಾರ್ಚ್. ನೆಲ ಇನ್ನೂ ಹೆಪ್ಪುಗಟ್ಟಿತ್ತು, ಮೇಲೆ ಹಿಮ ಇತ್ತು. ಅದರ ಮೇಲೆ ಮಳೆ ಸುರಿಯಿತು. ನೆಲ ಒಂದು ಹನಿ ಕುಡಿಯಲಿಲ್ಲ, ಎಲ್ಲ ನೀರು ನದಿಗೆ. ನದಿಯ ಮೇಲೆ ಕಟ್ಟಿದ್ದ ಮಂಜುಗಡ್ಡೆ ಒಡೆದು ಹೊರಟಿತು. ನಿಯೊಬ್ರಾರಾ ನದಿಯ ಸ್ಪೆನ್ಸರ್ ಅಣೆಕಟ್ಟು ಮಾರ್ಚ್ 14ರಂದು ಕೊಚ್ಚಿಹೋಯಿತು. ಪ್ಲಾಟ್, ಎಲ್ಕ್‌ಹಾರ್ನ್, ಮಿಸೌರಿ ಎಲ್ಲ ಉಕ್ಕಿದವು. ನೀರು ಇಳಿದ ಮೇಲೆ ನಾನು ಹೋಗಿ ನೋಡಿದೆ. ಹೊಲದ ನಡುವೆ ಕಾರಿನಷ್ಟು ದೊಡ್ಡ ಮಂಜುಗಡ್ಡೆಗಳು ಬಿದ್ದಿದ್ದವು. ಬೇಲಿ ಮುರಿದಿದೆ ಅಂತ ಹೇಳೋಕೂ ಅಲ್ಲಿ ಏನೂ ಇರಲಿಲ್ಲ. ಮಂಜುಗಡ್ಡೆ ಅದನ್ನು ಸುತ್ತಿ, ಉಂಡೆ ಮಾಡಿ, ಮುಂದಿನ ಹೊಲದ ಮರಗಳ ಬುಡಕ್ಕೆ ತುರುಕಿತ್ತು. ಕಣಜಗಳಲ್ಲಿದ್ದ ಸೋಯಾ ನೀರು ಕುಡಿದು ಉಬ್ಬಿ, ತಗಡಿನ ಗೋಡೆ ಸೀಳಿಕೊಂಡು ಹೊರಗೆ ಸುರಿದಿತ್ತು. ಅದರ ವಾಸನೆ ಇವತ್ತಿಗೂ ಮರೆತಿಲ್ಲ.

ಇಲ್ಲಿ ಮಾರ್ಚ್ ಅಂದ್ರೆ ಹಸು ಕರು ಹಾಕುವ ಕಾಲ. ಆ ಹಿರಿಯ ರೈತರದ್ದು ಎಪ್ಪತ್ತು ದಾಟಿದ ವಯಸ್ಸು. ಹಸುಗಳು, ಎಳೆಗರುಗಳು ರಸ್ತೆಗೆ ಬರ್ತಿದ್ದವು. ಬೇಲಿ ಇಲ್ಲ. ಅವರು ಕಚೇರಿಗೆ ಫೋನ್ ಮಾಡಿದರು. ಅರ್ಜಿ ತೆಗೆದುಕೊಳ್ಳೋದು ಇನ್ನೂ ಶುರುವಾಗಿಲ್ಲ, ಆದಾಗ ಬನ್ನಿ ಅಂದರು. ಕಾಯ್ತಾರಾ? ನೀವಾದರೆ ಕಾಯ್ತೀರಾ? ಎರಡು ದಿನದಲ್ಲಿ ಅಂಗಡಿಯಿಂದ ಕಂಬ, ಮುಳ್ಳುತಂತಿ ತಂದು ರಸ್ತೆ ಬದಿಗೆ ಬೇಲಿ ಹಾಕಿಸಿದರು. ಆಮೇಲೆ ಪರಿಶೀಲನೆಗೆ ಬಂದವರು ನಿಂತ ಬೇಲಿ ನೋಡಿದರು. ಹಾನಿ ಎಲ್ಲಿ ಕಾಣ್ತಿಲ್ಲವಲ್ಲ? ಆ ಭಾಗಕ್ಕೆ ಒಂದು ಡಾಲರೂ ಬರಲಿಲ್ಲ. ಒಳಗಿನ ಬೇಲಿ, ಇನ್ನೂ ಮುಟ್ಟದೆ ಬಿಟ್ಟಿದ್ದದ್ದು, ಅದಕ್ಕೆ ಮಾತ್ರ ಒಪ್ಪಿಗೆ.

ಮುಂಚೆಯೇ ಮಾಡಿದ ಕೆಲಸಕ್ಕೂ ವಿನಾಯಿತಿ ಕೇಳುವ ದಾರಿ ಇದೆ. ಅವರಿಗೆ ಯಾರೂ ಹೇಳಲಿಲ್ಲ. ನನ್ನನ್ನು ಕೇಳಿದ್ದು ಡಿಸೆಂಬರಿನಲ್ಲಿ.

ಮಳೆಕಾಡು:

ಹಸುಗಳನ್ನು ರಸ್ತೆಗೆ ಬಿಟ್ಟವನಿಗೆ ದುಡ್ಡು, ಕಟ್ಟಿದವನಿಗೆ ಇಲ್ಲ. ಚೆನ್ನಾಗಿದೆ ನ್ಯಾಯ.

ತೆರಿಗೆದಾರ:

ತಡೀರಿ. ಪರಿಶೀಲನೆ ಇಲ್ಲದೆ ಕೊಟ್ಟರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಿಲ್ವಾ? ಹಳೇ ಬೇಲಿಯನ್ನೆಲ್ಲ ನೆರೆಯ ಲೆಕ್ಕಕ್ಕೆ ಹಾಕಿ ಹೊಸದು ಮಾಡಿಸ್ಕೊಳ್ತಾರೆ. ಬಂದು ನೋಡೋದು ತಪ್ಪು ಅಂತ ನಾನು ಒಪ್ಪಲ್ಲ.

ಲೆಕ್ಕದಮ್ಮ:

@ತೆರಿಗೆದಾರ ನೋಡಲಿ, ನೋಡಲೇಬೇಕು. ಬೇಗ ಬಂದು ನೋಡಲಿ ಅಂತ ನನ್ನ ಮಾತು. ಹಳೇ ಬೇಲಿಯ ವಿಷಯಕ್ಕೆ ನಿಯಮ ಇದೆ. ಮೊದಲು ಇದ್ದ ಮಟ್ಟಕ್ಕೆ ತರೋಕೆ ಮಾತ್ರ ಹಣ. ಅದಕ್ಕಿಂತ ಚೆನ್ನಾಗಿರೋದು ಬೇಕಂದ್ರೆ ಹೆಚ್ಚಿನ ಖರ್ಚು ನಿಮ್ಮದೇ.

ಡಲ್ಲಾಸ್ ದೋಸೆ:

ಬೇಲಿ ಬಗ್ಗೆ ನಾನೂ ಒಂದು ಸೇರಿಸ್ತೀನಿ. 2024ರ ಫೆಬ್ರವರಿ ಕೊನೆಯಲ್ಲಿ ಟೆಕ್ಸಾಸಿನ ಉತ್ತರ ಮೂಲೆಯಲ್ಲಿ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಬಿತ್ತಲ್ಲ, ಹತ್ತು ಲಕ್ಷ ಎಕರೆಗಿಂತ ಜಾಸ್ತಿ ಸುಟ್ಟಿತ್ತು. ರಾಜ್ಯದ ಇತಿಹಾಸದಲ್ಲೇ ದೊಡ್ಡದು. ಹುಲ್ಲು, ಮೇವಿನ ಸುರುಳಿ ಹೊತ್ತ ಲಾರಿಗಳ ಜೊತೆ ನಮ್ಮ ಕನ್ನಡ ಬಳಗದ ನಾಲ್ಕು ಜನ ಹೋಗಿದ್ದೆವು. ರಸ್ತೆಯಿಂದ ನೋಡಿದರೆ ಎಷ್ಟೋ ಕಡೆ ತಂತಿ ನಿಂತೇ ಇತ್ತು. ನಾನು "ಪರವಾಗಿಲ್ಲ, ಬೇಲಿ ಉಳಿದಿದೆ" ಅಂದೆ. ಅಲ್ಲಿನ ಒಬ್ಬರು ನಕ್ಕು, ಕೈಗವಸು ಹಾಕಿಕೊಂಡು ತಂತಿಯನ್ನು ಎರಡು ಸಲ ಬಗ್ಗಿಸಿ ತೋರಿಸಿದರು. ತಂತಿಗೆ ಬಿಗಿ ಇಲ್ಲ. ಮೇಲಿನ ಸತುವಿನ ಲೇಪ ಸುಟ್ಟು ಹೋಗಿರುತ್ತಂತೆ, ಒಂದೆರಡು ಮಳೆಗೆ ತುಕ್ಕು ಹಿಡಿಯುತ್ತೆ. ಮರದ ಕಂಬ ಇದ್ದ ಕಡೆ ನೆಲದಲ್ಲಿ ಸುಟ್ಟ ತೂತು ಮಾತ್ರ. ತಂತಿಗೆ ನೇತುಬಿದ್ದ ಕಂಬದ ತುಂಡುಗಳು ಗಾಳಿಗೆ ಅಲ್ಲಾಡ್ತಿದ್ದವು.

ಇಂಥದ್ದನ್ನು ಕಾರಿನಲ್ಲಿ ಕೂತು ನೋಡಿ ‘ಹಾನಿ ಇಲ್ಲ’ ಅಂತ ಬರೆದುಕೊಂಡು ಹೋಗೋಕೆ ಎಷ್ಟು ಸುಲಭ!

ಬೀಜಗಣಿತ:

ಮುಂಗಡ ಅನ್ನೋದೇ ಇಲ್ವಾ ಮೇಡಂ?

ಲೆಕ್ಕದಮ್ಮ:

ಇದೆ. 2018ರ ಫಾರ್ಮ್ ಬಿಲ್‌ನಲ್ಲಿ ಬೇಲಿಗೆ ಶೇ 25ರವರೆಗೆ ಮುಂಗಡ ಕೊಡಬಹುದು ಅಂತ ಬಂತು. 60 ದಿನದಲ್ಲಿ ಖರ್ಚು ಮಾಡದಿದ್ದರೆ ವಾಪಸ್ ಕೊಡಬೇಕು. ಬೇಲಿ ಗುತ್ತಿಗೆಯವರೆಲ್ಲ ಮೂರು ತಿಂಗಳು ಬುಕ್ ಆಗಿರುವಾಗ 60 ದಿನ! ಮುಂಗಡ ತೆಗೆದುಕೊಂಡವರು ನನ್ನ ಗಿರಾಕಿಗಳಲ್ಲಿ ಇಬ್ಬರೇ. ಒಬ್ಬರು ಹೆದರಿ ಅದನ್ನು ಬ್ಯಾಂಕಿನಲ್ಲೇ ಇಟ್ಟು, ಹಾಗೇ ಹಿಂದಿರುಗಿಸಿದರು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಇಸಿಪಿ ಪೆಟ್ಟಿಗೆಯಲ್ಲಿ ಯಾವಾಗಲೂ ಹಣ ಇರುತ್ತೆ ಅಂತ ತಿಳಿಯಬೇಡಿ. ದೊಡ್ಡ ವಿಪತ್ತು ಬಂದಾಗ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ವಿಶೇಷವಾಗಿ ಮಂಜೂರು ಮಾಡಬೇಕು. 2019ರ ನೆರೆ ಬಂದಿದ್ದು ಮಾರ್ಚ್ ಮಧ್ಯದಲ್ಲಿ. ವಿಪತ್ತು ಪರಿಹಾರದ ಮಸೂದೆಗೆ ಸಹಿ ಬಿದ್ದಿದ್ದು ಜೂನ್ 6ಕ್ಕೆ. ಅದರಲ್ಲಿ ಇಸಿಪಿಗೆ 55.8 ಕೋಟಿ ಡಾಲರ್. ಹೆಲೀನ್ ಚಂಡಮಾರುತ ಬಂದಿದ್ದು 2024ರ ಸೆಪ್ಟೆಂಬರ್ ಕೊನೆಗೆ, ಆ ಹಣದ ಕಾನೂನಿಗೆ ಸಹಿ ಡಿಸೆಂಬರ್ 21ಕ್ಕೆ. ಹೆಸರಿನಲ್ಲಿ ‘ತುರ್ತು’ ಇದೆ, ಹಣ ಬರೋದು ಬಿತ್ತನೆ ಮುಗಿದ ಮೇಲೆ.

ಕೃಷ್ಣಾತೀರ:

ಅಲ್ಲೂ ಹಂಗೇನಾ! ನಾನು ನಮ್ಮಲ್ಲಷ್ಟೇ ಹಿಂಗೆ ಅಂದುಕೊಂಡಿದ್ದೆ. ಮನಸ್ಸಿಗೆ ಸಮಾಧಾನ ಆಯ್ತು ಅಂದ್ರೆ ತಪ್ಪಾಗುತ್ತೋ ಏನೋ.

ಒಂದು ಕೇಳಬೇಕಿತ್ತು. ಮರಳು ಕೂತ ಹೊಲಕ್ಕೆ ಅಲ್ಲಿನವರು ಏನು ಮಾಡ್ತಾರೆ? ಪೂರ್ತಿ ತೆಗೆಸ್ತಾರಾ?

ಲೆಕ್ಕದಮ್ಮ:

ಅದು ದಪ್ಪದ ಮೇಲೆ. ಇಲ್ಲಿನ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರು ಹೇಳುವ ಅಂದಾಜು ಹೀಗೆ. ಎರಡು ಇಂಚಿನೊಳಗೆ ಇದ್ದರೆ ಮಾಮೂಲಿ ಉಳುಮೆಯಲ್ಲೇ ಮಣ್ಣಿಗೆ ಬೆರೆಯುತ್ತೆ. ಎಂಟು ಇಂಚಿನವರೆಗೆ ಇದ್ದರೆ ಆಳವಾಗಿ ಉತ್ತು ಮಗುಚಬೇಕು. ಅದಕ್ಕೂ ಜಾಸ್ತಿ ಇದ್ದರೆ ಮೊದಲು ತೆಳುವಾಗಿ ಹರಡಿ, ಆಮೇಲೆ ಆಳದ ಉಳುಮೆ. ಎರಡು ಅಡಿ ದಾಟಿದರೆ ಎತ್ತಿ ಹೊರಗೆ ಹಾಕೋದು ಬಿಟ್ಟು ದಾರಿ ಇಲ್ಲ. ಹೊರಗೆ ಅಂದ್ರೆ ಎಲ್ಲಿ? ನದಿಗೆ ವಾಪಸ್ ನೂಕೋಕೆ ಅನುಮತಿ ಬೇಕು. ನಾನು ಹೇಳಿದ ಆ ಹಿರಿಯ ರೈತರ ಹೊಲದ ಮೂಲೆಯಲ್ಲಿ ಇವತ್ತಿಗೂ ಒಂದು ಮರಳುಗುಡ್ಡ ಇದೆ. ಮೊಮ್ಮಕ್ಕಳು ಜಾರುಬಂಡೆ ಆಡ್ತಾರೆ.

ನಿಮ್ಮದು ಹೂಳು ಅಂದ್ರಿ, ಮರಳಲ್ಲ. ಜಿಗುಟು ಹೂಳಾದರೆ ಕಥೆ ಬೇರೆ. ಈ ಅಂದಾಜನ್ನು ಹಾಗೇ ಅಲ್ಲಿಗೆ ಹಾಕಬೇಡಿ, ಅಲ್ಲಿನ ಮಣ್ಣು ಬಲ್ಲವರನ್ನೇ ಕೇಳಿ.

ತೆರಿಗೆದಾರ:

ನನ್ನದು ಇನ್ನೊಂದು ತಕರಾರು ಇದೆ. ಪದೇ ಪದೇ ಆಗುವ ಹಾನಿಗೆ ಕೊಡಲ್ಲ ಅಂದ್ರಿ. ಮಿಸೌರಿ ನದಿ 1993ರಲ್ಲಿ ಬಂತು, 2011ರಲ್ಲಿ ಬಂತು, 2019ರಲ್ಲಿ ಬಂತು. ಅದೇ ನದಿ, ಅದೇ ತಗ್ಗು. ಪ್ರತೀ ಸಲ ಮರಳು ತೆಗೆಸೋಕೆ ಎಲ್ಲರ ತೆರಿಗೆ. ಇದು ಭೂಮಿ ಉಳಿಸೋದಾ, ನದಿ ಜಾಗದಲ್ಲಿ ಕೂತವನನ್ನು ಅಲ್ಲೇ ಉಳಿಸೋದಾ?

ಲೆಕ್ಕದಮ್ಮ:

ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ, ನಿಮ್ಮ ಮಾತೇ ಸರಿ ಅಂತ ಅನ್ನಿಸುತ್ತೆ. ಎಂಟು ವರ್ಷಕ್ಕೊಮ್ಮೆ ಬಂದರೆ ಅದು ‘ಪದೇ ಪದೇ’ಯಾ ಅಲ್ವಾ ಅಂತ ತೀರ್ಮಾನ ಮಾಡುವವರು ಕೌಂಟಿ ಸಮಿತಿಯವರು. ಈ ಸಮಿತಿ ವಿಷಯ ಹೇಳಿಲ್ಲ ಅಲ್ವಾ? ಅಲ್ಲಿನ ರೈತರೇ ಓಟು ಹಾಕಿ ಆರಿಸಿದ ರೈತರು, 3ರಿಂದ 11 ಜನ, ಮೂರು ವರ್ಷದ ಅವಧಿ. ಪಕ್ಕದ ಹೊಲದವನ ಅರ್ಜಿಯನ್ನು ಪಕ್ಕದ ಹೊಲದವನೇ ನೋಡ್ತಾನೆ. ತನ್ನದೇ ಅರ್ಜಿ ಬಂದಾಗ ಎದ್ದು ಹೊರಗೆ ಹೋಗ್ತಾನೆ. ಇದರಲ್ಲಿ ಒಳ್ಳೇದೂ ಇದೆ. ಯಾವ ತಗ್ಗಿನಲ್ಲಿ ನೀರು ಎಷ್ಟು ದಿನ ನಿಲ್ಲುತ್ತೆ ಅಂತ ವಾಷಿಂಗ್ಟನ್ನಿನಲ್ಲಿ ಕೂತವನಿಗೆ ಗೊತ್ತಿರಲ್ಲ, ಇವರಿಗೆ ಗೊತ್ತು. ಆದರೆ ನಾಳೆ ಚರ್ಚಿನಲ್ಲಿ ಎದುರು ಸಿಗುವವನಿಗೆ "ನಿನ್ನದು ನದಿ ಜಾಗ, ಕೊಡಲ್ಲ" ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ಬೇರೆ ದಾರಿ ಒಂದಿದೆ. ನೆರೆಗೆ ಸಿಕ್ಕ ಜಮೀನಿನ ಬೇಸಾಯದ ಹಕ್ಕನ್ನು ಸರ್ಕಾರವೇ ಕೊಂಡುಕೊಳ್ಳುವ ಯೋಜನೆ, ಮಣ್ಣು ಮತ್ತು ನೀರಿನ ಕೆಲಸ ನೋಡುವ ಕೃಷಿ ಇಲಾಖೆಯ ಸಂಸ್ಥೆ ಎನ್‌ಆರ್‌ಸಿಎಸ್ ನಡೆಸೋದು. ಹೋದ ವರ್ಷ ಒಮ್ಮೆ, ಇಲ್ಲವೇ ಹತ್ತು ವರ್ಷದಲ್ಲಿ ಎರಡು ಸಲ ನೆರೆ ಹೊಡೆದಿರಬೇಕು. ಜಮೀನು ನಿಮ್ಮ ಹೆಸರಲ್ಲೇ ಇರುತ್ತೆ, ಮೀನು ಹಿಡೀಬಹುದು, ಬೇಟೆ ಆಡಬಹುದು, ಜೋಳ ಬಿತ್ತೋ ಹಾಗಿಲ್ಲ. ಲೆಕ್ಕಿಗಳಾಗಿ ಇಬ್ಬರು ಗಿರಾಕಿಗಳಿಗೆ ಇದನ್ನೇ ಮಾಡಿ ಅಂತ ಹೇಳಿದ್ದೆ. ಒಬ್ಬರು "ನಮ್ಮಪ್ಪ ಉತ್ತ ಹೊಲ" ಅಂದು ಎದ್ದು ಹೋದರು. ಇನ್ನೊಬ್ಬರು ಸಹಿ ಹಾಕಿದರು, ಈಗ ಬಾತುಕೋಳಿ ಹೊಡೀತಾ ಆರಾಮಾಗಿದ್ದಾರೆ.

ತೆರಿಗೆದಾರ:

ಒಪ್ಪಿದೆ. ಇಂಥದ್ದಕ್ಕೆ ನನ್ನ ತೆರಿಗೆ ಹೋದರೆ ಬೇಜಾರಿಲ್ಲ.

ಮಳೆಕಾಡು:

ನಂದು ಬೇರೆ ಪ್ರಶ್ನೆ. ನಮ್ಮದು ಕೊಡಗು. 2018ರಲ್ಲಿ ಗುಡ್ಡ ಜಾರಿದಾಗ ಪಕ್ಕದವರ ತೋಟ ಅರ್ಧ ಹೊಳೆ ಸೇರಿತು. ಪರಿಹಾರಕ್ಕೆ ಹೋದರೆ ಜಮೀನು ಇನ್ನೂ ತಾತನ ಹೆಸರಲ್ಲಿ. ಐದು ಜನ ವಾರಸುದಾರರು, ಅದರಲ್ಲಿ ಒಬ್ಬರು ಮಾತು ಬಿಟ್ಟು ಇಪ್ಪತ್ತು ವರ್ಷ. ಈ ಗೋಳು ಅಮೆರಿಕದಲ್ಲಿ ಇರಲ್ಲ ಬಿಡಿ, ಎಲ್ಲ ದಾಖಲೆ ಸರಿ ಇರುತ್ತೆ.

ಲೆಕ್ಕದಮ್ಮ:

ಇರಲ್ಲ ಅಂದ್ರಾ! ದಕ್ಷಿಣದ ರಾಜ್ಯಗಳಲ್ಲಿ ಇದೇ ದೊಡ್ಡ ಗೋಳು, ಅದರಲ್ಲೂ ಕಪ್ಪು ಜನರ ಕುಟುಂಬಗಳಲ್ಲಿ. ‘ವಾರಸುದಾರರ ಆಸ್ತಿ’ ಅಂತಲೇ ಅದಕ್ಕೆ ಹೆಸರು. ಅಜ್ಜ ಉಯಿಲು ಬರೆಯದೆ ಸತ್ತ, ಮಕ್ಕಳು ಭಾಗ ಮಾಡಿಕೊಳ್ಳಲಿಲ್ಲ, ಮೊಮ್ಮಕ್ಕಳು ಶಿಕಾಗೋ, ಡೆಟ್ರಾಯಿಟ್ ಸೇರಿದರು. ಉಳುಮೆ ಮಾಡುವವನು ಒಬ್ಬ, ಹಕ್ಕು ಮೂವತ್ತು ಜನರದ್ದು. ಸರ್ಕಾರದ ಯಾವ ಯೋಜನೆಗೂ ಮೊದಲು ‘ಫಾರ್ಮ್ ನಂಬರ್’, ಅಂದ್ರೆ ಜಮೀನಿಗೆ ಕಚೇರಿ ಕೊಡುವ ಗುರುತಿನ ಸಂಖ್ಯೆ ಬೇಕು, ನಂಬರಿಗೆ ಹಕ್ಕುಪತ್ರ ಬೇಕು. 2018ರ ಫಾರ್ಮ್ ಬಿಲ್ ಬಂದ ಮೇಲೆ ಬೇರೆ ದಾಖಲೆ ತೋರಿಸಿ ನಂಬರ್ ಪಡೆಯೋಕೆ ಅವಕಾಶ ಆಯ್ತು. ಅಲ್ಲಿವರೆಗೆ ಎಷ್ಟು ನೆರೆ, ಎಷ್ಟು ಬಿರುಗಾಳಿ ಬಂದು ಹೋದವೋ. ಅವರ್ಯಾರೂ ಡಲ್ಲಾಸ್ ದೋಸೆ ಹಾಕಿದ ಥರದ ಪಟ್ಟಿಯಲ್ಲಿ ಸಿಗಲ್ಲ.

ಶೇ 90ರ ಪಾಲು ಹಿಂದೆ ‘ಸಾಮಾಜಿಕವಾಗಿ ಹಿಂದುಳಿದ ರೈತರು’ ಅನ್ನೋ ವರ್ಗಕ್ಕೂ ಇತ್ತು. ಜನಾಂಗ, ಲಿಂಗ ನೋಡಿ ಮಾಡಿದ ಆ ವರ್ಗವನ್ನು ಇನ್ನು ಬಳಸಲ್ಲ ಅಂತ ಕೃಷಿ ಇಲಾಖೆ 2025ರ ಜುಲೈನಲ್ಲಿ ಪ್ರಕಟಿಸಿತು. ಅದರ ರಾಜಕೀಯ ಇಲ್ಲಿ ಬೇಡ.

ನಿರ್ವಾಹಕ:

ಹೌದು, ಬೇಡ. ಆ ದಾರಿ ಹಿಡಿದ ಮೂರು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಬೀಜಗಣಿತ:

ಗೇಣಿಗೆ ಉಳುವವನಿಗೆ ಸಿಗುತ್ತಾ? ಅಥವಾ ಮಾಲೀಕನಿಗೆ ಮಾತ್ರವಾ?

ಲೆಕ್ಕದಮ್ಮ:

ಯಾರು ಖರ್ಚು ಹೊತ್ತರೋ ಅವರಿಗೆ. ಗೇಣಿದಾರನೇ ದುಡ್ಡು ಹಾಕಿ ಸರಿ ಮಾಡಿಸಿದರೆ ಅವನು ಅರ್ಜಿ ಹಾಕಬಹುದು. ಸ್ವಂತ ಟ್ರ್ಯಾಕ್ಟರ್, ಸ್ವಂತ ದುಡಿಮೆಗೂ ಲೆಕ್ಕ ಇದೆ, ಯಾವ ದಿನ ಎಷ್ಟು ಗಂಟೆ ಅಂತ ಬರೆದಿಟ್ಟಿರಬೇಕು. ಬರೆದಿಡುವ ರೈತ ಯಾರು? ಸಾವಿರಕ್ಕೊಬ್ಬ.

ತೆರಿಗೆ ವಿಷಯ ಒಂದೇ ಸಾಲಿನಲ್ಲಿ ಹೇಳ್ತೀನಿ, ಇಲ್ಲದಿದ್ದರೆ ನಿಮಗೆಲ್ಲ ನಿದ್ದೆ ಬರುತ್ತೆ. ತೆರಿಗೆ ಕಾನೂನಿನ 126ನೇ ಸೆಕ್ಷನ್ ಪ್ರಕಾರ ಈ ಹಣದ ಒಂದು ಭಾಗವನ್ನು ಷರತ್ತಿನ ಮೇಲೆ ಆದಾಯದಿಂದ ಹೊರಗಿಡಬಹುದು. ಎಷ್ಟೋ ಜನ ಗೊತ್ತಿಲ್ಲದೆ ಪೂರ್ತಿ ತೆರಿಗೆ ಕಟ್ಟಿಬಿಡ್ತಾರೆ.

ಡಲ್ಲಾಸ್ ದೋಸೆ:

ಮೇಡಂ, ನನಗೊಂದು ಅಳುಕು. ಆ ಪಟ್ಟಿ ಹಾಗೆ ಹೆಸರು ಸಮೇತ ಹಾಕಿದ್ದು ತಪ್ಪಾಯ್ತಾ? ತೆಗೆದುಬಿಡಲಾ?

ಲೆಕ್ಕದಮ್ಮ:

ನನಗೆ ಎರಡು ಮನಸ್ಸು. ಸರ್ಕಾರದ ಹಣ ಯಾರಿಗೆ ಹೋಯ್ತು ಅಂತ ಜನಕ್ಕೆ ಗೊತ್ತಾಗಬೇಕು, ಅದರಲ್ಲಿ ಅನುಮಾನ ಇಲ್ಲ. ಆ ಸಂಸ್ಥೆ ಲೆಕ್ಕ ಹೊರಗೆ ಹಾಕದಿದ್ದರೆ ದೊಡ್ಡ ದೊಡ್ಡ ಸಬ್ಸಿಡಿಗಳ ಬಗ್ಗೆ ಚರ್ಚೆಯೇ ಆಗ್ತಿರಲಿಲ್ಲ. ಆದರೆ ‘ಇವರಿಗೆ 18,000 ಡಾಲರ್’ ಅಂತ ಮಾತ್ರ ಕಾಣುತ್ತೆ. ಅವರು ಅದಕ್ಕೆ ಮುಂಚೆ ಹಾಕಿದ 24,000 ಎಲ್ಲೂ ಕಾಣಲ್ಲ. ಆ ಹಿರಿಯ ರೈತರಿಗೆ ಕಾಫಿ ಅಂಗಡಿಯಲ್ಲಿ ಯಾರೋ "ಏನು, ಸರ್ಕಾರ ಚೆನ್ನಾಗಿ ನೋಡ್ಕೊಳ್ತಾ?" ಅಂದರಂತೆ. ಆಮೇಲೆ ಆರು ತಿಂಗಳು ಆ ಕಡೆ ಹೋಗಲಿಲ್ಲ. ಜಾಲತಾಣದಲ್ಲಿ ಇರಲಿ. ನಮ್ಮ ಈ ಜಾಗದಲ್ಲಿ ಹೆಸರು ಮುಚ್ಚಿ ಹಾಕಿ, ಸಾಕು.

ಡಲ್ಲಾಸ್ ದೋಸೆ:

ಮುಚ್ಚಿ ಹಾಕಿದೆ.

ಕೃಷ್ಣಾತೀರ:

ಅಕ್ಕಾವ್ರೆ, ಒಂದೇ ಒಂದು. ನೆರೆ ಬಂದ ದಿನ ಅಲ್ಲಿನ ರೈತ ಮೊದಲು ಏನು ಮಾಡಬೇಕು ಅಂತ ನೀವು ಹೇಳ್ತೀರಿ? ನಮಗೂ ಉಪಯೋಗಕ್ಕೆ ಬಂದೀತು.

ಲೆಕ್ಕದಮ್ಮ:

ಮೊದಲು ಜನ, ದನ. ಆಮೇಲೆ ಫೋಟೋ. ದಿನಾಂಕ ಬೀಳುವ ಹಾಗೆ, ಒಂದು ಗುರುತು ಕಾಣುವ ಹಾಗೆ, ಮರವೋ ಕಂಬವೋ ಯಾವುದಾದರೂ ಸರಿ. ಮರಳಿನ ದಪ್ಪ ತೋರಿಸೋಕೆ ಗುದ್ದಲಿ ಚುಚ್ಚಿ ತೆಗೆಯಿರಿ. ಒಂದು ಹಗ್ಗ ತುಂಡು ಕೊಂಡರೂ ಬಿಲ್ ಕೇಳಿ. ಕಚೇರಿಗೆ ಫೋನ್ ಮಾಡಿದರೆ ಯಾವ ದಿನ, ಎಷ್ಟು ಹೊತ್ತಿಗೆ, ಅವರು ಏನಂದರು ಅಂತ ಬರೆದಿಡಿ. ಕಾಯೋಕೆ ಆಗದ ಕೆಲಸ ಇದ್ದರೆ ಮೊದಲೇ ಬರವಣಿಗೆಯಲ್ಲಿ ಕೇಳಿ, ಇಮೇಲ್ ಆದರೂ ಸರಿ.

ಬಿಲ್ ಎಲ್ಲಿ ಇಡಬೇಕು ಅನ್ನೋದೂ ಮುಖ್ಯ. ಆ ಹಿರಿಯ ರೈತರು ಡಿಸೆಂಬರಿನಲ್ಲಿ ದನದ ಮೇವಿನ ಖಾಲಿ ಚೀಲ ಹೊತ್ತು ನನ್ನ ಆಫೀಸಿಗೆ ಬಂದರು. ಮೇಜಿನ ಮೇಲೆ ಸುರಿದರು. ತಂತಿ, ಕಂಬ, ಡೀಸೆಲ್ ಎಲ್ಲದರ ರಸೀದಿ ಇತ್ತು, ಒಂದೂ ಬಿಟ್ಟಿರಲಿಲ್ಲ. ಆದರೆ ಅಷ್ಟನ್ನೂ ಬೇಸಿಗೆಯಿಡೀ ಟ್ರಕ್ಕಿನ ಗಾಜಿನ ಹಿಂದೆ, ಬಿಸಿಲಿಗೆ ಇಟ್ಟಿದ್ದರು. ಮಷೀನಿನಿಂದ ಬರುವ ಆ ನುಣುಪು ಕಾಗದ ಗೊತ್ತಲ್ಲ? ಅರ್ಧದಷ್ಟು ಬರೀ ಬಿಳಿ. ಕಿಟಕಿ ಹತ್ತಿರ ಹಿಡಿದು, ಓರೆ ಮಾಡಿ, ಒಂದೊಂದು ಅಂಕಿ ಓದಿದೆವು. ಓದಲಾಗದ್ದಕ್ಕೆ ಅಂಗಡಿಗೆ ಫೋನ್ ಮಾಡಿ ಹಳೇ ಪ್ರತಿ ಕೇಳಿದೆವು. ಅವರ ಕಂಪ್ಯೂಟರೂ ಅದೇ ನೆರೆಯಲ್ಲಿ ನೆಂದಿತ್ತು.

ಕೃಷ್ಣಾತೀರ:

ಈಗಲೇ ಎದ್ದು ಟ್ರ್ಯಾಕ್ಟರ್ ಸೀಟಿನ ಕೆಳಗಿದ್ದ ಬಿಲ್ಲುಗಳನ್ನ ಒಳಗೆ ತಂದಿಟ್ಟೆ ನೋಡ್ರಿ. ಎರಡು ಇಲಿ ತಿಂದಿವೆ.